ಲಕಮನಹಳ್ಳಿಯ ಕಸೂತಿ ಕ್ಲಾಸು ಮತ್ತು ನಾನು ಒತ್ತದ ಸೆಟ್ಟಿಂಗ್

2023ರಲ್ಲಿ ನಾನು ದೂರವಾಣಿ ಇಲಾಖೆಯಿಂದ ನಿವೃತ್ತನಾಗಿ ಮೂರು ವರ್ಷವಾಗಿತ್ತು. ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ವೈಫೈ ಜೋಡಿಸಿಕೊಡುವ ಕೆಲಸ ಹಿಡಿದಿದ್ದೆ. ಇಲಾಖೆಯಲ್ಲಿ ನನ್ನ ಕೈಕೆಳಗೆ ಹದಿನಾಲ್ಕು ವರ್ಷ ಕೆಲಸ ಕಲಿತ ಮಲ್ಲಿಕಾರ್ಜುನ ಅಷ್ಟರಲ್ಲಿ ಬೈರಿದೇವರಕೊಪ್ಪದಲ್ಲಿ ಸ್ವಂತ ಅಂಗಡಿ ತೆರೆದಿದ್ದ. ಗಾಜಿನ ಬಾಗಿಲು, ಎಸಿ, ಗೋಡೆ ತುಂಬ ವೈಫೈ 6 ಎಂಬ ಹೊಸ ಪೀಳಿಗೆಯ ರೌಟರ್‌ಗಳು. ಅಂಗಡಿ ಪೂಜೆಗೆ ನನ್ನನ್ನು ಕರೆದು ಎಲ್ಲರೆದುರು ಶಾಲು ಹೊದಿಸಿದ. ಮನೆಗೆ ಬಂದು ಆ ಶಾಲನ್ನು ಮೂಲೆಗೆ ಎಸೆದೆ. ನನ್ನ ಹಳೇ ಗಿರಾಕಿಗಳು ಒಬ್ಬೊಬ್ಬರಾಗಿ ಅವನ ಕಡೆ ಸರಿಯುತ್ತಿದ್ದರು. ಅದು ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಚೆಂದದ ಹೆಸರಿಡುವುದಿಲ್ಲ.

ಲಕಮನಹಳ್ಳಿಯ ಸುಮಂಗಲಾ ಹಾಗೆ ಸರಿದವಳು. ಮನೆಯಿಂದಲೇ ವಿಡಿಯೊದಲ್ಲಿ ಕಸೂತಿ ಕಲಿಸುತ್ತಾಳೆ. ಕಸೂತಿಗೆ ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು. ಒಂದು ಎಳೆ ತಪ್ಪಿತೋ, ಗೋಪುರದ ಚಿತ್ತಾರ ಸೊಟ್ಟ. ಹಾಗಾಗಿ ನಡುವೆ ವಿಡಿಯೊ ನಿಲ್ಲುವಂತಿಲ್ಲ. ಹನ್ನೆರಡು ಮಂದಿಯ ಹೊಸ ತಂಡ ಸೋಮವಾರ ಸಂಜೆ ಶುರುವಾಗುವುದಿತ್ತು. ಅದು ಕೈಹಿಡಿದರೆ ಶಾಲೆಯ ತಾತ್ಕಾಲಿಕ ನೌಕರಿ ಬಿಟ್ಟು ಕಸೂತಿಯನ್ನೇ ನೆಚ್ಚಬೇಕೆಂದಿದ್ದಳು. ಅದಕ್ಕೆಂದೇ ಮಲ್ಲಿಕಾರ್ಜುನನಿಂದ ವೈಫೈ 6 ಹಾಕಿಸಿದ್ದಳು.

ಶನಿವಾರ ಫೋನು ಬಂತು. "ಕಾಕಾ, ಹೊಸಾ ರೌಟರ್ ಹಾಕಿದಾಗಿಂದ ಬಾಗಲದ ಕ್ಯಾಮೆರಾ ಬಂದ್ ಆಗೇತ್ರಿ. ಮಲ್ಲಣ್ಣ ಊರಾಗಿಲ್ಲಂತ. ಲಗೂ ಬರ್ರಿ."

ಸುಳ್ಳೇಕೆ, ಖುಷಿಯಿಂದಲೇ ಹೋದೆ. ದೋಷ ಐದು ನಿಮಿಷದಲ್ಲಿ ಸಿಕ್ಕಿತು. ರೌಟರ್ ಡಬ್ಲ್ಯುಪಿಎ3 ಎಂಬ ಹೊಸ ಭದ್ರತಾ ಪದ್ಧತಿಯನ್ನಷ್ಟೇ ಒಪ್ಪುವಂತಿತ್ತು. ಹಳೇ ಕ್ಯಾಮೆರಾಕ್ಕೆ ಅದು ಗೊತ್ತಿಲ್ಲ. ಹಳೆಯದು, ಹೊಸದು ಎರಡನ್ನೂ ಒಪ್ಪುವ ಸೆಟ್ಟಿಂಗ್ ಅಲ್ಲೇ ಕಣ್ಣೆದುರಿಗಿತ್ತು. ಒತ್ತಲಿಲ್ಲ.

"ಹೊಸಾದಕ್ಕ ಮರುಳಾಗಬ್ಯಾಡವಾ," ಅಂದೆ. "ನಿಮ್ಮ ಪ್ಲ್ಯಾನಿನ ವೇಗ ಎಷ್ಟೈತೋ ಅಷ್ಟ ಬರತೈತಿ. ಹಳೇ ಸಾಮಾನು ಇದಕ್ಕ ಹೊಂದೂದಿಲ್ಲ."

ವೇಗದ ಮಾತು ಖರೇ, ಹಳೇ ಸಾಮಾನಿನದು ಅರ್ಧ ಖರೇ. ಆಕೆಗೆ ಬೇಕಾಗಿದ್ದ ಮಾತನ್ನು ನುಂಗಿಕೊಂಡೆ. ಒಂದೇ ಹೊತ್ತಿಗೆ ಹತ್ತು ಸಾಧನ ಓಡುವ ಮನೆಯಲ್ಲಿ ವೈಫೈ 6 ಎಲ್ಲಕ್ಕೂ ಸರದಿ ಹಂಚಿಕೊಡುತ್ತದೆ, ನೆರೆಮನೆಗಳ ವೈಫೈ ಗದ್ದಲವನ್ನೂ ಹಳೆಯದಕ್ಕಿಂತ ಚೆನ್ನಾಗಿ ತಾಳುತ್ತದೆ. ನಾನು ಅದನ್ನು ಕಿತ್ತು ಆಕೆಯ ಹಳೇ ರೌಟರನ್ನೇ ಮತ್ತೆ ಹಾಕಿದೆ. ಕ್ಯಾಮೆರಾ ಹತ್ತಿತು. ಆಕೆಯ ಅತ್ತೆ ಕೊಟ್ಟ ಚಹಾ ಕುಡಿದು, ಮೀಸೆಯಲ್ಲೇ ನಗುತ್ತ ಹೊರಬಿದ್ದೆ.

ಸೋಮವಾರ ಸಂಜೆ ಗಂಡನ ಆಫೀಸು ಮೀಟಿಂಗು, ಮಕ್ಕಳ ಕಾರ್ಟೂನು, ಕ್ಯಾಮೆರಾ, ಕ್ಲಾಸು ಎಲ್ಲ ಒಟ್ಟಿಗೆ ಓಡಿದವು. ಸುಮಂಗಲಾಳ ಸೂಜಿ ಪರದೆಯ ಮೇಲೆ ಮತ್ತೆ ಮತ್ತೆ ಗಕ್ಕನೆ ನಿಂತಿತು. ಮರುದಿನ ಆಕೆ ಕರೆದಳೆಂದು ಹೋದರೆ ಮಲ್ಲಿಕಾರ್ಜುನ ನನಗಿಂತ ಮೊದಲೇ ಬಂದಿದ್ದ. ಹೊಸ ರೌಟರ್ ಹಚ್ಚಿ, ಆ ಸೆಟ್ಟಿಂಗ್ ಒತ್ತಿ ಮುಗಿಸಿದ್ದ. ಕ್ಯಾಮೆರಾವೂ ನಡೆಯುತ್ತಿತ್ತು. ನನ್ನ ಮುಖ ನೋಡಿದ. ಪ್ರತಿ ಸೆಟ್ಟಿಂಗ್ ಓದದೆ ಸಾಮಾನು ಮುಟ್ಟಬೇಡ ಎಂದು ಅವನಿಗೆ ಕಲಿಸಿದವನು ನಾನೇ. ಅವನಿಗೆ ಎಲ್ಲ ಗೊತ್ತಾಗಿತ್ತು.

"ಸರ್‌ದು ತಪ್ಪಿಲ್ರಿ ಅಕ್ಕಾ," ಅಂದ. "ಅದನ್ನ ಒತ್ತಿ ಹೋಗೂದು ನಾನ ಮರ್ತಿದ್ದೆ."

ಅಂಗಡಿ ಕಂಡಾಗ ಆಗದಷ್ಟು ಉರಿ ಆ ಮಾತಿಗೆ ಆಯಿತು. ದೊಡ್ಡತನದಲ್ಲೂ ಇವನು ನನ್ನನ್ನು ಹಿಂದೆ ಹಾಕಿದನಲ್ಲ! ಸುಮ್ಮನಿದ್ದರೆ ಪಾರಾಗುತ್ತಿದ್ದೆ. ಆದರೆ ಅವನ ಉಪಕಾರದಲ್ಲಿ ಬದುಕುವುದು ನನ್ನಿಂದ ಆಗಲಿಲ್ಲ.

"ನನಗ ಶನಿವಾರನ ಗೊತ್ತಿತ್ತವಾ," ಅಂದೆ. "ಬೇಕಂತ ಬಿಟ್ಟೆ."

ಸುಮಂಗಲಾ ಕಿತ್ತಿಟ್ಟಿದ್ದ ಹಳೇ ರೌಟರನ್ನು ಎತ್ತಿ ಮೂಲೆಗಿಟ್ಟಳು. ಆಮೇಲೆ, "ಐದು ಮಂದಿ ಕ್ಲಾಸ್ ಬಿಟ್ರು ಕಾಕಾ," ಅಂದಳು. ಆ ವರ್ಷ ಆಕೆ ಶಾಲೆಯ ನೌಕರಿ ಬಿಡಲಿಲ್ಲ.

ಈಗ ವೈಫೈ 7 ಹಾಕಿಸಲೇ ಎಂದು ಯಾರಾದರೂ ಕೇಳಿದರೆ ಮನೆಯಲ್ಲಿ ಎಷ್ಟು ಸಾಧನಗಳಿವೆ, ಎಷ್ಟು ಹಳೆಯವು, ಗೋಡೆ ಎಷ್ಟು ದಪ್ಪ ಎಂದು ಮೊದಲು ವಿಚಾರಿಸುತ್ತೇನೆ. ಲಾಭ, ತೊಂದರೆ ಎರಡನ್ನೂ ಬಿಡಿಸಿ ಹೇಳುತ್ತೇನೆ, ಮಲ್ಲಿಕಾರ್ಜುನನ ಅಂಗಡಿಯಲ್ಲಿ ಒಳ್ಳೆಯದಿದ್ದರೆ ಅದನ್ನೂ. ಕೇಳಿದವರ ಮನೆಗೆ ಏನು ಬೇಕೋ ಅದನ್ನು ಹೇಳುವುದೇ ನಮ್ಮ ಕಸುಬು ಎಂದು ನಾನು ಕಲಿತದ್ದು ಹೀಗೆ, ತಡವಾಗಿ. ಬಹಳ ಮಂದಿ ಕೇಳುತ್ತಾರೆ. ಸುಮಂಗಲಾ ಮಾತ್ರ ಕೇಳುವುದಿಲ್ಲ.