ಮೊಣಕಾಲೆತ್ತರದ ಹೊಸ್ತಿಲು

ಪುಣೆಯ ಕೋಥರೂಡದಲ್ಲಿ ಹೊಸ ಕಟ್ಟಡದ ಹಿಂದೆ ಕೂಲಿಕಾರರ ತಗಡಿನ ಶೆಡ್ಡುಗಳಿವೆ. ಅವುಗಳಲ್ಲಿ ಯಮನವ್ವನ ಮನೆಗೆ ಮಾತ್ರ ಮೊಣಕಾಲೆತ್ತರದ ಹೊಸ್ತಿಲು. ಕಟ್ಟಿದವನು ಅವಳ ಗಂಡ, ಗೌಂಡಿ ಧರ್ಮಣ್ಣ.

“ಏನ್ ಧರ್ಮಣ್ಣಾ, ಮನಿಗಿ ಕ್ವಾಟಿ ಕಟ್ಟೀಯಲ್ಲ! ಯಾವ ರಾಜಾ ದಂಡೆತ್ತಿ ಬರ್ತಾನ?” ಎಂದು ಊರಿಂದ ಹೊಸದಾಗಿ ಬಂದ ಗುರಣ್ಣ ನಕ್ಕಿದ್ದ. ಜೊತೆಗೆ ಯಾರೂ ನಗಲಿಲ್ಲ.

ಮೊದಲು ಅಲ್ಲಿದ್ದದ್ದು ಒಂದೇ ಇಟ್ಟಿಗೆ. ಮಗ ಭೀಮು ವರ್ಷ ತುಂಬುವ ಮೊದಲೇ ಅದನ್ನು ದಾಟಿದ. ಊರ ಪದ್ಧತಿಯಂತೆ ಯಮನವ್ವ ಹೊಸ್ತಿಲಿಗೆ ಕುಂಕುಮ ಹಚ್ಚಿ, ಮನೆ ಮನೆಗೂ ಕೊಬ್ಬರಿ-ಬೆಲ್ಲ ಹಂಚಿದಳು. “ನನ್ ಮಗಾ ಭಾಳ ಚುರುಕ ಅದಾನ್ರಿ” ಎಂದು ಕಂಡವರಿಗೆಲ್ಲ ಹೇಳಿದಳು. ಆ ಮಳೆಗಾಲ ಮುಗಿಯುವುದರೊಳಗೆ, ಅವಳು ರೊಟ್ಟಿ ಬಡಿಯುತ್ತಿದ್ದಾಗ, ಅದೇ ಕಾಲುಗಳು ಭೀಮುವನ್ನು ಶೆಡ್ಡಿನೆದುರಿನ ನೀರಿನ ತೊಟ್ಟಿಗೆ ಒಯ್ದವು.

ಆಮೇಲೆ ದುರ್ಗಾ ಹುಟ್ಟಿದಳು. ಕೂಸು ಬೋರಲಾದಾಗ ಯಮನವ್ವ ಹಿಗ್ಗಲಿಲ್ಲ. ಮತ್ತೆ ಅಂಗಾತ ಮಲಗಿಸಿದಳು. ತೆವಳತೊಡಗಿದಾಗ ಸೀರೆಯ ಜೋಳಿಗೆಗೆ ಹಾಕಿದಳು. ಅಲ್ಲೇ ಕೂತು ದುರ್ಗಾ ಚುರುಮುರಿಯನ್ನು ಎರಡೇ ಬೆರಳಲ್ಲಿ ಹೆಕ್ಕಲು ಕಲಿತಳು. ಎರಡು ವರ್ಷವಾಗುತ್ತ ಬಂದರೂ ಎದ್ದು ನಿಲ್ಲಲಿಲ್ಲ.

“ಶಾಣೇ ಕೂಸು, ಇಟ್ಟಲ್ಲೇ ಇರ್ತದ” ಎಂದು ನೆರೆಯವರು ಹೊಗಳುತ್ತಿದ್ದರು.

ಕೂಲಿಕಾರರ ಮಕ್ಕಳ ಬಾಲವಾಡಿ ನಡೆಸುವ ಪ್ರಾಚಿ ಒಂದು ದಿನ ದುರ್ಗಾಳ ಅಂಗಾಲು ಮುಟ್ಟಿದಳು. ಆಗ ತಾನೇ ಹುಟ್ಟಿದ ಕೂಸಿನ ಅಂಗಾಲಿನಷ್ಟು ಮೆತ್ತಗಿತ್ತು.

“ಕಾಲಲ್ಲಿ ದೋಷವಿಲ್ಲ, ನೆಲ ಸಿಕ್ಕಿಲ್ಲ,” ಎಂದಳು ಮರಾಠಿಯಲ್ಲಿ. “ಹಿಡಿದು ಏಳಬೇಕು, ಬೀಳಬೇಕು, ಮತ್ತೆ ಏಳಬೇಕು. ಹಗಲು ನನ್ನ ಹತ್ತಿರ ಬಿಡಿ. ಗೇಟಿಗೆ ಅಗಳಿ ಇದೆ.”

“ಬಿದ್ದವ್ರೆಲ್ಲಾ ಏಳ್ತಾರಂತ ಯಾರ್ ಹೇಳ್ಯಾರವ್ವಾ?” ಯಮನವ್ವ ಕನ್ನಡದಲ್ಲಿ ಕೇಳಿದಳು. ಪ್ರಾಚಿಗೆ ತಿಳಿಯಲಿಲ್ಲ.

ಸಂಜೆ ಪ್ರಾಚಿಯ ಮಾತು ಕೇಳಿದ ಧರ್ಮಣ್ಣ ಸುತ್ತಿಗೆ, ಉಳಿ ತಂದ. ಯಮನವ್ವ ಹೊಸ್ತಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು.

“ನಾಳಿ ಸಾಲಿಗಿ ಹೋಗೂದೂ ಜೋಳಿಗ್ಯಾಗೇನು?” ಎಂದ ಅವನು, ಮೆಲ್ಲಗೆ.

ಯಮನವ್ವ ಎದ್ದು ಪಕ್ಕಕ್ಕೆ ಸರಿದಳು. ಇಟ್ಟಿಗೆಗಳು ಸಾಲು ಸಾಲಾಗಿ ಕಳಚಿದವು. “ಒಂದ್ ಇರ್ಲಿ,” ಎಂದಳು.

ದುರ್ಗಾ ಬಾಲವಾಡಿಯಲ್ಲಿ ಗೋಡೆ ಹಿಡಿದು ಎದ್ದಳು, ಬಿದ್ದಳು, ಹಣೆ ಊದಿಸಿಕೊಂಡಳು. ದಸರೆ ಕಳೆದ ಮೇಲೆ ಒಂದು ಸಂಜೆ ಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತು, ಒಂದು ಕಾಲೆತ್ತಿ ಇಟ್ಟಿಗೆಯಾಚೆ ಇಟ್ಟಳು. ರೊಟ್ಟಿ ಬಡಿಯುತ್ತಿದ್ದ ಯಮನವ್ವ ಹಿಂದಕ್ಕೆಳೆಯಲು ಕೈ ಚಾಚಿದಳು. ಕೈ ಅರ್ಧದಲ್ಲೇ ನಿಂತಿತು. ದುರ್ಗಾ ಇನ್ನೊಂದು ಕಾಲನ್ನೂ ದಾಟಿಸಿ, ತಿರುಗಿ ನೋಡಿ ನಕ್ಕಳು.

“ಬೆಲ್ಲಾ ತರ್ಲೇನು?” ಧರ್ಮಣ್ಣ ಕೇಳಿದ.

“ಬ್ಯಾಡ. ಯಾರಿಗೂ ಹೇಳಬ್ಯಾಡ.”

ಹಿಟ್ಟಿನ ಕೈಯಲ್ಲೇ ಹೊರಗೋಡಿ, ಮಗಳಿಗೂ ತೊಟ್ಟಿಗೂ ನಡುವೆ ಹೋಗಿ ನಿಂತಳು. ಒಳಗೆ ಹಂಚಿನ ಮೇಲೆ ರೊಟ್ಟಿ ಸೀದುಹೋಯಿತು.