ತೊಟ್ಟಿಲ ಮೇಲಿನ ಫ್ಯಾನು

ಸರಿಯಾಗಿ ಹೇಳಲು ಬರುವುದಿಲ್ಲ, ಕ್ಷಮಿಸಿ. ಬರೆಯುವುದು ಇದೇ ಮೊದಲು. ನಾನು ಎಲೆಕ್ಟ್ರಿಷಿಯನ್. ಹೊರಮಾವು ಬಡಾವಣೆಯ ಒಂದು ಬಾಡಿಗೆ ಕೋಣೆಗೆ ಎಕ್ಸಾಸ್ಟ್ ಫ್ಯಾನ್ ಹಾಕಲು ಹೋಗಿದ್ದೆ. ಎಕ್ಸಾಸ್ಟ್ ಅಂದರೆ ಒಳಗಿನ ಹೊಗೆಯನ್ನು ಎಳೆದು ಹೊರಗೆ ಹಾಕುವ ಫ್ಯಾನ್. ಅಲ್ಲಿ ಬಾಡಿಗೆಗಿದ್ದ ರಾಯಚೂರು ಕಡೆಯ ಮನುಷ್ಯ ತೊಟ್ಟಿಲ ಮೇಲಿನ ಗೋಡೆಯನ್ನೇ ತೋರಿಸಿದ. ತೊಟ್ಟಿಲಲ್ಲಿ ಎರಡು ತಿಂಗಳ ಮಗು ಕೆಮ್ಮುತ್ತಿತ್ತು.

“ಇಲ್ಲೇ ಕೂಡಸ್ರಿ. ನಾ ಬೀಡಿ ಸೇದಿದ್ರ ಕೂಸಿಗೆ ಹೊಗಿ ತಾಕಬಾರ್ದು.”

“ಅಯ್ಯೋ, ಫ್ಯಾನು ಹೊಗೆನ ಮಗು ಮೇಲಿಂದಾನೇ ಎಳ್ಕೊಳುತ್ತೆ ರೀ! ಎಲ್ಲಿ ಹಾಕಿದ್ರೂ ಒಳಗೆ ಹೊಗೆ ಉಳಿಯುತ್ತೆ. ಹೊರಗೆ ಹೋಗಿ ಸೇದಿ.”

“ಹೊರಗ ಓನರ್ ಬೈತಾರ. ಅವರ ಕಾರಿಗೆ ವಾಸನಿ ಹತ್ತತದಂತ.”

ಒಲೆಯ ಮುಂದಿದ್ದ ಅವನ ಹೆಂಡತಿ ತಿರುಗಿದಳು. “ಆ ಕಾರಿಗಿರೋ ಮರ್ಯಾದಿ ನನ್ನ ಕೂಸಿಗಿಲ್ಲ ನೋಡ್ರಿ!” ಎಂದವಳೇ ನನ್ನ ಡ್ರಿಲ್ಲಿನ ಪ್ಲಗ್ಗು ಕಿತ್ತಳು.

ಅವನು ಗೊಣಗುತ್ತ ರಸ್ತೆಗೆ ಹೋಗಿ ಸೇದಿ ಬಂದ. ಗೆದ್ದೆವು ಎಂದುಕೊಂಡೆ. ಬಂದವನೇ ಮಗುವನ್ನೆತ್ತಿ ಅದೇ ಅಂಗಿಗೆ ಒತ್ತಿಕೊಂಡ! ತಲೆ ಚಚ್ಚಿಕೊಂಡೆ. ಯಾಕೆಂದರೆ, ಇದನ್ನು ಬಿಡಿಸಿ ಹೇಳಬೇಕು, ಹೊಗೆ ಬಟ್ಟೆಗೂ ಅಂಟಿರುತ್ತದೆ. ಮೊದಲು ಅಂಗಿ ಬದಲಿಸಿ, ಕೈ ತೊಳೆದು, ಆಮೇಲೆ... ಇರಿ, ನಮ್ಮ ಮೇಸ್ತ್ರಿ ಕೂಗುತ್ತಿದ್ದಾರೆ. ಬೀಡಿ ಹಚ್ಚಲು ಬೆಂಕಿಪೊಟ್ಟಣ ಬೇಕಂತೆ.