ಸೀಮೆ ದಾಟಿದ ಮೇಲೆ ಬಂದ ಮಾತು

ಮಾಂಬಳ್ಳಿಯಿಂದ ಹೊರಟ ಬಸ್ಸು ಮೈಸೂರು ಸೀಮೆ ದಾಟಿ ಮದ್ರಾಸ್ ಸೀಮೆಗೆ ಕಾಲಿಟ್ಟಿತ್ತು ಅಷ್ಟೆ, ಪೊಲೀಸಿನವನೊಬ್ಬ ಹತ್ತಿ ನನ್ನ ಗಂಟಿಗೆ ಲಾಠಿ ಚುಚ್ಚಿ, "ಎನ್ನಯ್ಯಾ ಇದು?" ಎಂದ. ಆ ಕಡೆ ಪಾನನಿಷೇಧ. ದಾಟುವ ಗಂಟುಗಳಲ್ಲೆಲ್ಲ ಅವರಿಗೆ ಸಾರಾಯಿಯೇ ಕಾಣುತ್ತಿತ್ತು. ಒಳಗಿದ್ದದ್ದು ರಾಗಿಹಿಟ್ಟು. ಹೇಳಲು ಬಾಯಿ ತೆರೆದೆ. ಬಸ್ಸಿನವರ ಕಣ್ಣೆಲ್ಲ ನನ್ನ ಮೇಲೆ, ಗಂಟನ್ನು ಎದೆಗೆ ಅವಚಿಕೊಂಡೆ. "ಊಮೈಯಾ?" ಎಂದ, ಮೂಗನೋ ಅಂತ. ಹೆಂಡತಿ ಚಿಕ್ಕತಾಯಿ ಹೌದೆಂದು ತಲೆಯಾಡಿಸಿದಳು. ನನಗಾಗಿ ಅವಳು ಸುಳ್ಳು ಹೇಳಿದಳು, ನನಗೆ ಹಾಯೆನಿಸಿತು.

ನನ್ನ ಅಂಜಿಕೆಗೆ ನಮ್ಮೂರಲ್ಲಿ ಗಾಳಿ ಎಂದು ಹೆಸರು. ನಾಲ್ಕು ಜನ ಸೇರಿದ ಕಡೆ ಎದೆ ಹೊಡೆದುಕೊಳ್ಳುತ್ತಿತ್ತು, ಬೆವರು ಕಿತ್ತುಕೊಂಡು ಬರುತ್ತಿತ್ತು. ತಾಯತ ಕಟ್ಟಿದರು, ಬೇವಿನ ಸೊಪ್ಪಿನಲ್ಲಿ ಹೊಡೆದರು. ಅಪ್ಪ ಇಲ್ಲದ ಮನೆ; ದೊಡ್ಡ ತಂಗಿಯ ಧಾರೆ ನಾನೇ ಎರೆಯಬೇಕಿತ್ತು. ಹುಲ್ಲಿನ ಮೆದೆಯ ಹಿಂದೆ ಕೂತುಬಿಟ್ಟೆ, ಸೋದರಮಾವ ಎರೆದ. ಆಮೇಲೆ ಊರಲ್ಲಿ ತಲೆಯೆತ್ತಲಾಗದೆ ಆ ಬಸ್ಸು ಹತ್ತಿ, ಆಗ ಮದ್ರಾಸಿಗೆ ಸೇರಿದ್ದ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ಕೆಲಸ ಹಿಡಿದೆ.

ಪೇಟೆಯಲ್ಲಿ ಕನ್ನಡವಿತ್ತು. ಆದರೆ ಕಚೇರಿ, ಆಸ್ಪತ್ರೆ, ಬಣ್ಣದ ಕೊಟ್ಟಿಗೆ, ನಮ್ಮ ವಠಾರ, ಎಲ್ಲ ತಮಿಳು. ನಮ್ಮಲ್ಲಿ ಮುದ್ದೆಗೆ ಸೊಪ್ಪಿನ ಸಾರಾದರೆ ಇವರಲ್ಲಿ ಅನ್ನಕ್ಕೆ ಕುಳಂಬು, ಹುಳಿ ಮುಂದಾದ ಗಟ್ಟಿ ಸಾರು. ಊರಲ್ಲಿ ಸೌದೆ ಕಡಿದು ತರುತ್ತಿದ್ದೆವು, ಇಲ್ಲಿ ಮಾತಾಡಿ ತರಬೇಕು. ಆ ಮಾತೆಲ್ಲ ಚಿಕ್ಕತಾಯಿಯದು. "ಏನಮ್ಮಾ, ಮನೇಲಿ ಗಂಡಸು ನೀನಾ, ಅವನಾ?" ಎಂದು ಸೌದೆಯವನು ಅರೆಕನ್ನಡದಲ್ಲಿ ನಗುತ್ತಿದ್ದ. ಅವಳು ತಲೆ ತಗ್ಗಿಸಿ ಹೊರೆ ಎತ್ತಿಕೊಳ್ಳುತ್ತಿದ್ದಳು. ನಾನು ಹಿಂದೆ ನಿಂತಿರುತ್ತಿದ್ದೆ.

ಅಷ್ಟರಲ್ಲಿ ಸೋದರಮಾವ ಸಂತೆಗೆ ಬಂದವನು ಅವ್ವನ ಮಾತು ತಂದ. "ಚಿಕ್ಕೋಳ್ ಮದ್ವೆ ಗೊತ್ತಾಗದೆ ಕಣ್ಲಾ. ಈ ಸಲ ನೀನೇ ಧಾರೆ ಎರೀಬೇಕಂತೆ. ಇಲ್ಲಾಂದ್ರೆ ಮೊಕ ತೋರಿಸ್ಬ್ಯಾಡ ಅಂದವ್ಳೆ."

ಚಿಕ್ಕತಾಯಿ ನನ್ನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಸಾಲಿನವರೆದುರು ಗಂಡನಿಗೆ ಅಂಜಿಕೆ ಎನ್ನಲು ನಾಚಿ, ಹೊಟ್ಟೆನೋವು ಎಂದಳು. ಮನೆಯಿಂದ ಒಯ್ದ ಸೀಸೆಗೆ ಕಾಂಪೌಂಡರ್ ಬಿಳಿ ಔಷಧಿ ತುಂಬಿದ. ಹೊಟ್ಟೆಯದಲ್ಲ ಎನ್ನಲಾರದೆ ಎರಡು ಸೀಸೆ ಕುಡಿದೆ. ಹೊಟ್ಟೆ ನಿಜವಾಗಿಯೂ ಕೆಟ್ಟಿತು.

ಮುಂದಿನ ಸಲ, ನನ್ನ ಬದಲು ಅವಳೇ ಹೇಳುವುದನ್ನು ಕಂಡು ಡಾಕ್ಟರು ಅವಳನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದರು. ಮದ್ರಾಸಿನ ಕಡೆಯವರು, ಕನ್ನಡ ಬಾರದು. ವಠಾರದಲ್ಲಿ ಕಿವಿಗೆ ಬಿದ್ದ ತಮಿಳೇ ನನಗೆ ಗತಿ.

"ಬಯಮಾ ಇರುಕ್ಕು, ಸಾ," ಎಂದೆ. ಭಯವಾಗುತ್ತದೆ ಎಂದು.

"ಯಾರೆ ಪಾತ್ತು?" ಯಾರನ್ನು ಕಂಡು?

"ಎಲ್ಲಾರೆಯುಂ." ಎಲ್ಲರನ್ನೂ.

ಅವರು ನಗಲಿಲ್ಲ. ಇದು ಗಾಳಿಯಲ್ಲ, ಹುಚ್ಚೂ ಅಲ್ಲ, ಕಾಯಿಲೆ. ವಾರವಾರ ಬಂದು ನನ್ನೊಡನೆ ಮಾತಾಡು, ದಿನಾ ಯಾರಾದರೊಬ್ಬರನ್ನು ನೀನಾಗಿ ಮಾತಾಡಿಸು ಎಂದರು. ಹಾಗೇ ಮಾಡಿದೆ. ತಮಿಳಿನಲ್ಲಿ ನನ್ನನ್ನು ಹೇಡಿ ಎಂದು ಬಲ್ಲವರು ಯಾರೂ ಇರಲಿಲ್ಲ. ಮದುವೆ ಹತ್ತಿರ ಬರುವಷ್ಟರಲ್ಲಿ ಹಸಿ ಸೌದೆ ಕೊಟ್ಟೆಯೆಂದು ಸೌದೆಯವನ ಹತ್ತಿರ ಜಗಳವನ್ನೇ ಆಡಿ ಬಂದೆ. ಚಿಕ್ಕತಾಯಿ ಬಾಗಿಲಲ್ಲಿ ಕೂತು ಅತ್ತಳು. ಇಷ್ಟು ದಿನ ಅವಳ ಮೇಲೆ ಏನೆಲ್ಲ ಹೊರಿಸಿದ್ದೆನೆಂದು ಆಗ ತಿಳಿಯಿತು.

ಮದುವೆಗೆ ಹೋದೆ. ಅರ್ಧ ನೀರು ಮದುಮಗನ ಪಂಚೆಗೆ ಬಿತ್ತು, ಆದರೂ ಎರೆದೆ. "ಪರ್ವಾಗಿಲ್ಲ ಬುಡ್ಲಾ, ಮದ್ಮಗುಂಗೆ ಇನ್ನೊಂದ್ ಸ್ನಾನ ಆಯ್ತು," ಎಂದ ಮಾವ. ಚಪ್ಪರವೆಲ್ಲ ನಕ್ಕಿತು. "ಎಂಗಿದ್ದೀಯಪ್ಪ?" ಎಂದು ಯಾರು ಕೇಳಿದರೂ ಊರಿನ ಮಾತಿನಲ್ಲಿ ನಾನು ಹಳೆಯ ಹೇಡಿಯೇ, ಚಿಕ್ಕತಾಯಿಯೇ ಉತ್ತರ ಕೊಟ್ಟಳು.

ಬಸ್ಸಿಗೆ ಬಿಡಲು ಬಂದ ಅವ್ವ ನನ್ನ ಕೈ ಹಿಡಿದುಕೊಂಡಳು. "ನಂತಾವ ನಾಕ್ ಮಾತಾಡಿ ಓಗು ಮಗ."

"ಓಯ್ತೀನವ್ವ," ಎಂದೆ. ಅಷ್ಟೇ ಬಂತು.

ಮಾರನೆಯ ದಿನ ಬಣ್ಣದ ಕೊಟ್ಟಿಗೆಯಲ್ಲಿ ಮದುವೆ ಹೇಗಾಯಿತೆಂದು ಕೇಳಿದರು. ನೆನೆದ ಪಂಚೆ, ಮಾವನ ತಮಾಷೆ, ತಂಗಿ ನನ್ನ ಕಾಲಿಗೆ ಬಿದ್ದದ್ದು, ನನಗಾದ ಸಂತೋಷ, ಎಲ್ಲ ಹೇಳಿದೆ. ಕೆಲಸ ಬಿಟ್ಟು ಕೇಳಿದರು. ಅವ್ವ ಬೇಡಿದ ಮಾತುಗಳೇ ಅವು. ಅವಳಿಗೆ ತಮಿಳು ಬಾರದು.